ಎರಡು ದಿನದ ಹಾಂಗ್‌ಕಾಂಗ್, ಊಟ ಎಲ್ಲಿ?

ಪ್ರಶ್ನೆ: ಹಾಂಗ್‌ಕಾಂಗಿಗೆ ಎರಡೇ ದಿನ, ಶಾಪಿಂಗಿಗೆ ಅಂತ ಹೋಗ್ತಿದ್ದೇವೆ. ಅಲ್ಲಿನ ಕ್ಯಾಂಟೊನೀಸ್ ಊಟದ ರುಚಿ ನೋಡಬೇಕು. ಎಲ್ಲಿಗೆ ಹೋಗಲಿ?

ಉತ್ತರ: ಊಟಕ್ಕಂತ ಬೇರೆ ದಿಕ್ಕಿಗೆ ಓಡಬೇಡಿ. ಮಾಂಗ್‌ಕಾಕ್‌ನ ಲೇಡೀಸ್ ಮಾರ್ಕೆಟ್, ಅಂದ್ರೆ ಬಟ್ಟೆ-ಬ್ಯಾಗು ಸಿಗುವ ಬೀದಿ ಸಂತೆ, ಸರಿಯಾಗಿ ತೆರೆಯುವುದೇ ಮಧ್ಯಾಹ್ನದ ಹೊತ್ತಿಗೆ. ಹಾಗಾಗಿ ಬೆಳಗ್ಗೆ ಡಿಮ್ ಸಮ್ (ಚಹಾ ಜೊತೆ ತಿನ್ನುವ ಸಣ್ಣ ಸಣ್ಣ ಕ್ಯಾಂಟೊನೀಸ್ ತಿಂಡಿಗಳು) ಮುಗಿಸಿಬಿಡಿ. ನಾನು ಮೊದಲ ಸಲ ಇದು ತಿಳಿಯದೆ ರಾತ್ರಿ ಎಂಟಕ್ಕೆ ಒಂದು ದೊಡ್ಡ ಹೋಟೆಲಿಗೆ ಹೋದೆ. ಡಿಮ್ ಸಮ್ ಮಧ್ಯಾಹ್ನಕ್ಕೇ ಮುಗಿದಿತ್ತು! ಕೈಯಲ್ಲಿ ನಾಲ್ಕು ಚೀಲ, ಹೊಟ್ಟೆಯಲ್ಲಿ ಏನಿಲ್ಲ.

ಮಾಂಗ್‌ಕಾಕ್‌ನಿಂದ ಮೆಟ್ರೋದಲ್ಲಿ ಎರಡೇ ನಿಲ್ದಾಣ ಹೋದರೆ ಶಾಮ್ ಶುಯಿ ಪೋ. ಅಲ್ಲಿ ಟಿಮ್ ಹೋ ವಾನ್ ಅನ್ನೋ ಡಿಮ್ ಸಮ್ ಹೋಟೆಲ್ ಇದೆ. 2009ರಲ್ಲಿ ಮಾಂಗ್‌ಕಾಕ್‌ನ ಪುಟ್ಟ ಅಂಗಡಿಯಾಗಿ ಶುರುವಾಗಿ, ಒಳ್ಳೆ ಅಡುಗೆಯ ಹೋಟೆಲುಗಳಿಗೆ ಕೊಡುವ ಮಿಶೆಲಿನ್ ಸ್ಟಾರ್ ಪಡೆದ ಹೆಸರು ಅದು. ಒಲೆಯಲ್ಲಿ ಬೇಯಿಸಿದ ಹಂದಿಮಾಂಸದ ಬನ್ ಬಿಡಬೇಡಿ. ಮೇಲೆ ಗರಿಗರಿ ಸಿಹಿ, ಒಳಗೆ ಸಾಸಿನ ಮಾಂಸ. ಅಕ್ಕಿಹಿಟ್ಟಿನ ನುಣುಪು ಸುರುಳಿ, ಚಾಂಗ್ ಫನ್, ನನಗೆ ಅದಕ್ಕಿಂತ ಇಷ್ಟ. ತಿಂದು ಹೊರಬಂದರೆ ಆಪ್ಲಿಯು ಸ್ಟ್ರೀಟ್‌ನ ಎಲೆಕ್ಟ್ರಾನಿಕ್ಸ್ ಸಂತೆ ಹತ್ತಿರವೇ, ಯಜಮಾನರಿಗೂ ಖುಷಿ ಅಲ್ವಾ?

ಚಹಾ ಖಾಲಿಯಾದರೆ ಕೂಗಬೇಡಿ. ಟೀಪಾಟಿನ ಮುಚ್ಚಳ ಓರೆಯಾಗಿಡಿ, ಬಂದು ಬಿಸಿನೀರು ತುಂಬುತ್ತಾರೆ. ಯಾರಾದರೂ ಚಹಾ ಸುರಿದಾಗ ಬೆರಳಿನಿಂದ ಮೇಜು ತಟ್ಟಿದರೆ ಅದೇ ಥ್ಯಾಂಕ್ಸ್. ಅನೇಕ ಕಡೆ ಚಹಾಕ್ಕೆ ಬೇರೆ ದುಡ್ಡು, ಮೇಲೆ ಶೇಕಡಾ 10 ಸರ್ವೀಸ್ ಚಾರ್ಜ್. ಬಿಲ್ ನೋಡಿ ಜಗಳ ಬೇಡ.

ಸಸ್ಯಾಹಾರಿಗಳಾದರೆ ಡೈಮಂಡ್ ಹಿಲ್‌ನ ನಾನ್ ಲಿಯಾನ್ ಗಾರ್ಡನ್ ಒಳಗಿನ ಚಿ ಲಿನ್ ವೆಜಿಟೇರಿಯನ್‌ಗೆ ಹೋಗಿ. ಬೇರೆ ಕಡೆ ಬರೀ ಸೊಪ್ಪು ಅಂದುಕೊಂಡು ತರಿಸಿದರೂ ಮೇಲೆ ಆಯ್‌ಸ್ಟರ್ ಸಾಸ್ (ಸಿಂಪಿಯಿಂದ ಮಾಡಿದ್ದು) ಸುರಿದಿರುತ್ತಾರೆ, ಮೊದಲೇ ಕೇಳಿ.