ಎನ್‌ಸಿವಿ ನಾರ್ಮಲ್ ಬಂದರೂ ಪಾದ ಜುಮ್ಮೆನ್ನುವುದೇಕೆ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಎರಡೂ ಕಿಡ್ನಿ ಕೆಟ್ಟು ವಾರಕ್ಕೆ 3 ಸಲ ಡಯಾಲಿಸಿಸ್ ನಡೆಯುತ್ತಿದೆ. ಡಯಾಲಿಸಿಸ್‌ಗೆ ಹಿಂದಿನ ದಿನ ಪಾದ ಜುಮ್ಮೆನ್ನುತ್ತದೆ, ರಾತ್ರಿಯೆಲ್ಲ ಕಾಲು ಒದ್ದಾಡಿಸುತ್ತಾರೆ. ಡಯಾಲಿಸಿಸ್ ಆದ ಮೇಲೆ ಎಷ್ಟೋ ವಾಸಿ. ಎನ್‌ಸಿವಿ (ನರದಲ್ಲಿ ಸಂಕೇತ ಸಾಗುವ ವೇಗದ) ಪರೀಕ್ಷೆ ಮಾಡಿಸಿದರೆ ಎಲ್ಲ ನಾರ್ಮಲ್ ಅಂತ ಬಂತು. ನರ ಎಷ್ಟು ಸುಲಭವಾಗಿ ಕೆರಳುತ್ತದೆ ಎಂದು ಅಳೆಯುವ ಬೇರೆ ಪರೀಕ್ಷೆ ಇದೆಯಂತೆ. ಅದನ್ನು ಮಾಡಿಸಬೇಕಾ?
— ಓದುಗರೊಬ್ಬರು, ಹಾಸನ

ಉತ್ತರ: ಡಯಾಲಿಸಿಸ್‌ಗೆ ಮುಂಚೆ ಜಾಸ್ತಿ, ಆಮೇಲೆ ಕಡಿಮೆ ಎಂದು ಬರೆದಿದ್ದೀರಲ್ಲ, ಅದು ಬಹಳ ಮುಖ್ಯವಾದ ಸುಳಿವು. ನಿಮ್ಮ ಡಾಕ್ಟರಿಗೂ ಅದನ್ನು ಹಾಗೆಯೇ ಹೇಳಿ. ರಿಪೋರ್ಟ್ ನಾರ್ಮಲ್ ಬಂತು ಅಂತ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಅವರಿಗೆ ಆಗುತ್ತಿರುವ ತೊಂದರೆ ನಿಜವಾದದ್ದೇ.

ಎನ್‌ಸಿವಿಯಲ್ಲಿ ನರಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಕರೆಂಟ್ ಕೊಡುತ್ತಾರೆ. ನರದೊಳಗಿನ ಒಂದು ಎಳೆಯೂ ಬಿಟ್ಟುಹೋಗದೆ ಎಲ್ಲವೂ ಒಟ್ಟಿಗೆ ಸ್ಪಂದಿಸಲಿ ಎಂದು. ಆಮೇಲೆ ಸಂಕೇತ ಎಷ್ಟು ವೇಗವಾಗಿ ಹೋಯಿತು, ಎಷ್ಟು ದೊಡ್ಡದಾಗಿ ಬಂತು ಎಂದು ನೋಡುತ್ತಾರೆ. ಮುಂಗೈಯಲ್ಲಿ ಸೆಕೆಂಡಿಗೆ 50 ಮೀಟರ್ ಮೇಲಿದ್ದರೆ ಸಾಮಾನ್ಯವಾಗಿ ಸರಿ. ನರದ ಹೊದಿಕೆ ಕಳಚಿದ್ದರೆ ಅಥವಾ ಎಳೆಗಳು ಸತ್ತಿದ್ದರೆ ಇದರಲ್ಲಿ ಗೊತ್ತಾಗುತ್ತದೆ. ಆದರೆ ಬದುಕಿರುವ ಎಳೆ ನೆಮ್ಮದಿಯಾಗಿದೆಯೋ ಒತ್ತಡದಲ್ಲಿದೆಯೋ ಎಂಬುದು ಇದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನೀವು ಕೇಳಿದ ಪರೀಕ್ಷೆ ಅಳೆಯುವುದು ಅದನ್ನೇ. ಮಣಿಕಟ್ಟಿನ ಮೇಲೆ ಕರೆಂಟ್ ಕೊಟ್ಟು, ಹೆಬ್ಬೆರಳಿನ ಬುಡದ ಸ್ನಾಯು ಎಷ್ಟು ಸ್ಪಂದಿಸಿತು ಎಂದು ದಾಖಲಿಸುತ್ತಾರೆ. ಪೂರ್ತಿ ಸ್ಪಂದನೆಯ ಸುಮಾರು 40% ಮಾತ್ರ ಬರುವಂತೆ ಕಂಪ್ಯೂಟರ್ ಕರೆಂಟನ್ನು ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಆ ಮಟ್ಟ ಮುಟ್ಟಲು ಎಷ್ಟು ಕರೆಂಟ್ ಬೇಕಾಯಿತು ಎನ್ನುವುದೇ ಇಲ್ಲಿನ ಅಳತೆ. ಬೇಗ ಕೆರಳುವ ನರಕ್ಕೆ ಕಡಿಮೆ ಸಾಕು, ಮಂಕಾದ ನರಕ್ಕೆ ಜಾಸ್ತಿ ಬೇಕು.

ಇದರಲ್ಲಿ ನನಗೆ ತುಂಬ ಇಷ್ಟವಾದ ಭಾಗ, ಒಂದರ ಹಿಂದೆ ಒಂದು ಎರಡು ಹೊಡೆತ ಕೊಟ್ಟು ನೋಡುವುದು. ಮೊದಲ ಹೊಡೆತವಾಗಿ 2 ಮಿಲಿಸೆಕೆಂಡಿಗೆ ಎರಡನೆಯದು ಬಂದರೆ ನರ ಸುಲಭಕ್ಕೆ ಏಳುವುದಿಲ್ಲ, ಹೆಚ್ಚು ಕರೆಂಟ್ ಬೇಕು. 5ರಿಂದ 7 ಮಿಲಿಸೆಕೆಂಡ್ ಹೊತ್ತಿಗೆ ಪೂರ್ತಿ ಉಲ್ಟಾ: ಮಾಮೂಲಿಗಿಂತ ಕಡಿಮೆ ಕರೆಂಟಿಗೇ ಏಳುತ್ತದೆ. 40 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮತ್ತೆ ಸ್ವಲ್ಪ ಮಂಕು. ಆಮೇಲೆ ಮೊದಲಿನ ಸ್ಥಿತಿಗೆ ಬರುತ್ತದೆ. ಈ ಏರಿಳಿತವನ್ನು ನೋಡಿ ಎಳೆಯ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಒಳಹೊರಗೆ ಹೋಗುವ ದಾರಿಗಳು, ಅಂದರೆ ಚಾನೆಲ್‌ಗಳು, ಹೇಗಿವೆ ಎಂದು ಅಂದಾಜು ಮಾಡಬಹುದು. ಸೂಜಿ ಚುಚ್ಚದೆ, ಬರೀ ಚರ್ಮದ ಮೇಲಿಂದ ಇಷ್ಟು ತಿಳಿಯುತ್ತದೆ ಅನ್ನುವುದು ದೊಡ್ಡ ಮಾತು. ಲಂಡನ್ನಿನ ಹ್ಯೂ ಬೋಸ್ಟಾಕ್, ಸಿಡ್ನಿಯ ಮ್ಯಾಥ್ಯೂ ಕೀರ್ನನ್ ಮತ್ತು ಅವರ ಸಂಗಡಿಗರು 2000ದಲ್ಲಿ ಇದನ್ನೆಲ್ಲ ಸುಮಾರು 10 ನಿಮಿಷದ ಒಂದೇ ಪರೀಕ್ಷೆಯಾಗಿ ಜೋಡಿಸಿದರು.

ಇದೇ ತಂಡದವರು 2002ರಲ್ಲಿ ಡಯಾಲಿಸಿಸ್ ರೋಗಿಗಳ ನರಗಳನ್ನು ಅಳೆದರು. ಡಯಾಲಿಸಿಸ್‌ಗೆ ಮುಂಚೆ ಎಳೆಗಳ ಪೊರೆಯ ವೋಲ್ಟೇಜ್ ಕುಸಿದಿತ್ತು. ಅದು ರಕ್ತದ ಪೊಟ್ಯಾಸಿಯಂ ಜೊತೆ ಹೊಂದಿಕೊಂಡಿತ್ತು. ಡಯಾಲಿಸಿಸ್ ಆದ ಮೇಲೆ ಅಳತೆಗಳು ಸುಧಾರಿಸಿದವು. ನರದ ಹೊರಗೆ ಪೊಟ್ಯಾಸಿಯಂ ಹೆಚ್ಚಾದರೆ ಒಳಗಿಗೂ ಹೊರಗಿಗೂ ಇರಬೇಕಾದ ವ್ಯತ್ಯಾಸ ತಗ್ಗುತ್ತದೆ, ವೋಲ್ಟೇಜ್ ಇಳಿಯುತ್ತದೆ. ನಿಮ್ಮ ತಂದೆಯವರ ಜುಮ್ಮಿಗೂ ಇದೇ ಕಾರಣ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಮೊದಲು ನೋಡಬೇಕಾದ್ದು ಇದನ್ನೇ.

ಹಾಗಂತ ಆ ಪರೀಕ್ಷೆಗಾಗಿ ಊರೂರು ಅಲೆಯಬೇಡಿ. ಅದು ಈಗಲೂ ಹೆಚ್ಚಾಗಿ ಸಂಶೋಧನಾ ಕೇಂದ್ರಗಳಲ್ಲಿ ನಡೆಯುವಂಥದ್ದು. ಅದರ ಫಲಿತಾಂಶ ನೋಡಿ ಡಾಕ್ಟರ್ ನಿಮ್ಮ ತಂದೆಯವರ ಔಷಧಿ ಬದಲಿಸುವ ಸಂಭವ ಕಡಿಮೆ. ಡಯಾಲಿಸಿಸ್‌ಗೆ ಕೂರುವ ಮುಂಚಿನ ಪೊಟ್ಯಾಸಿಯಂ ಎಷ್ಟಿದೆ ಎಂದು ಕೇಳಿ. ಆರೋಗ್ಯವಂತರಲ್ಲಿ ಅದು ಲೀಟರಿಗೆ ಸುಮಾರು 3.5ರಿಂದ 5 ಮಿಲಿಈಕ್ವಿವಲೆಂಟ್ ಇರುತ್ತದೆ. ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯಾ ಎಂದೂ ವಿಚಾರಿಸಿ. ಸಕ್ಕರೆ, ಬಿ12, ಕಬ್ಬಿಣದಂಶ ನೋಡಿಸಿ. ಕಬ್ಬಿಣದಂಶ ಯಾಕೆಂದರೆ, ರಾತ್ರಿ ಕಾಲು ಒದ್ದಾಡಿಸುವುದು ರೆಸ್ಟ್‌ಲೆಸ್ ಲೆಗ್ಸ್ ಎಂಬ ಬೇರೆಯೇ ತೊಂದರೆ ಇರಬಹುದು. ಡಯಾಲಿಸಿಸ್‌ನವರಲ್ಲಿ ಅದು ಸಾಮಾನ್ಯ, ಔಷಧಿಯೂ ಇದೆ. ಉರಿ, ಚುಚ್ಚಿದಂಥ ನೋವು ಇದ್ದರೆ ಅದನ್ನೂ ಹೇಳಿ. ನೋವು, ಉರಿಯನ್ನು ಸಾಗಿಸುವ ಸಣ್ಣ ಎಳೆಗಳು ಎನ್‌ಸಿವಿಯಲ್ಲಾಗಲೀ ಈ ಹೊಸ ಪರೀಕ್ಷೆಯಲ್ಲಾಗಲೀ ಸಿಗುವುದಿಲ್ಲ. ಮುಂದೆ ಯಾವ ನರದ ಪರೀಕ್ಷೆ ಮಾಡಿಸಿದರೂ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಯಾವ ಕೈಯಲ್ಲಿದೆ ಎಂದು ಮೊದಲೇ ತಿಳಿಸಿ.

ಊಟದ ಬಗ್ಗೆ ಒಂದು ಮಾತು. ನೋಡಲು ಬಂದವರೆಲ್ಲ ಎಳನೀರು, ಬಾಳೆಹಣ್ಣು ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಡಯಟಿಷಿಯನ್ ಒಪ್ಪದೆ ಕೊಡಬೇಡಿ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವ ಪ್ಯಾಕೆಟ್‌ಗಳಲ್ಲೂ ಪೊಟ್ಯಾಸಿಯಂ ಇರುತ್ತದೆ, ಲೇಬಲ್ ಓದಿ. ಇದ್ದಕ್ಕಿದ್ದಂತೆ ಕೈಕಾಲು ಸೋತರೆ, ಎದೆ ಬಡಿತ ಏರುಪೇರಾದರೆ ಮುಂದಿನ ಡಯಾಲಿಸಿಸ್ ತನಕ ಕಾಯಬೇಡಿ. ಪೊಟ್ಯಾಸಿಯಂ ತೀರಾ ಏರಿದರೆ ಹೃದಯಕ್ಕೇ ಅಪಾಯ. ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.