ಸಣ್ಣ ಮುದ್ರಣಾಲಯಕ್ಕೆ ಡಿಜಿಟಲ್ ಯಂತ್ರವೋ, ಆಫ್‌ಸೆಟ್ಟೋ?

ತಾಲ್ಲೂಕು ಕೇಂದ್ರದಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರಗಳನ್ನು ಮುದ್ರಿಸಲು ಯಾವ ಯಂತ್ರ ಕೊಳ್ಳಬೇಕೆಂದು ಕೇಳಿದ್ದೀರಿ. ಯಂತ್ರದ ಬೆಲೆಗಿಂತ ಮೊದಲು, ನಿಮಗೆ ಬರುವ ಒಂದೊಂದು ಕೆಲಸದಲ್ಲಿ ಎಷ್ಟು ಪ್ರತಿಗಳಿರುತ್ತವೆ ಎಂಬುದನ್ನು ನೋಡಬೇಕು. ಆಫ್‌ಸೆಟ್ ಎಂದರೆ ಲೋಹದ ಪ್ಲೇಟಿನ ಮೇಲಿನ ಅಚ್ಚನ್ನು ರಬ್ಬರ್ ಹೊದಿಕೆಯ ಮೂಲಕ ಕಾಗದಕ್ಕೆ ಇಳಿಸುವ ವಿಧಾನ; ಅದರಲ್ಲಿ ನಾಲ್ಕು ಬಣ್ಣದ ಕೆಲಸಕ್ಕೆ ನಾಲ್ಕು ಪ್ಲೇಟುಗಳು ಬೇಕಾಗುತ್ತವೆ, ಬಣ್ಣ ಹೊಂದಿಸುವಾಗ ಒಂದಷ್ಟು ಕಾಗದ ಹಾಳಾಗುತ್ತದೆ. ಈ ಖರ್ಚು ನೂರು ಪ್ರತಿಗೂ ಐದು ಸಾವಿರ ಪ್ರತಿಗೂ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸುವ ಡಿಜಿಟಲ್‌ನಲ್ಲಿ ಪ್ಲೇಟಿನ ಗೊಡವೆಯಿಲ್ಲ, ಆದರೆ ಪ್ರತಿ ಹಾಳೆಯ ಖರ್ಚು ಇಳಿಯುವುದೇ ಇಲ್ಲ.

ಉದಾಹರಣೆಗೆ, ಆಫ್‌ಸೆಟ್‌ನ ಸಿದ್ಧತೆಗೆ 1,500 ರೂಪಾಯಿ ಹಾಗೂ ಹಾಳೆಗೆ 1 ರೂಪಾಯಿ, ಡಿಜಿಟಲ್‌ನಲ್ಲಿ ಹಾಳೆಗೆ 4 ರೂಪಾಯಿ ಎಂದು ಇಟ್ಟುಕೊಂಡರೆ, 500 ಹಾಳೆಗೆ ಎರಡೂ ಸಮನಾಗುತ್ತವೆ. ಅದನ್ನು ದಾಟಿದ ಮೇಲೆ ಆಫ್‌ಸೆಟ್ ಅಗ್ಗ. ನಿಮ್ಮ ಊರಿನ ದರಗಳನ್ನು ಹಾಕಿ ಇದೇ ಲೆಕ್ಕ ಮಾಡಿ, ಅದಕ್ಕೆ ಸಾಲದ ಬಡ್ಡಿ, ಸವಕಳಿ, ವಿದ್ಯುತ್ ಮತ್ತು ಯಂತ್ರ ನಡೆಸುವವರ ಸಂಬಳವನ್ನೂ ಸೇರಿಸಿ.

ನನ್ನ ಅಭಿಪ್ರಾಯದಲ್ಲಿ, ಒಂದು ಎ3 (ಎ4 ಹಾಳೆಯ ಎರಡರಷ್ಟು ಅಳತೆಯ) ಡಿಜಿಟಲ್ ಯಂತ್ರ ಮತ್ತು ಒಳ್ಳೆಯ ಕಟಿಂಗ್ ಯಂತ್ರದಿಂದ ಆರಂಭಿಸಿ, ದೊಡ್ಡ ಕೆಲಸಗಳನ್ನು ಬೇರೆ ಆಫ್‌ಸೆಟ್ ಮುದ್ರಣಾಲಯದಲ್ಲಿ ಮಾಡಿಸುವುದು ಲೇಸು. (ಕಟಿಂಗ್ ಸೊಟ್ಟಗಾದರೆ ಎಂಥ ಮುದ್ರಣವೂ ಕೆಟ್ಟಂತೆಯೇ.) ಹಳೆಯ ಯಂತ್ರ ಕೊಳ್ಳುವುದಾದರೆ, ಬಿಡಿಭಾಗಗಳೂ ರಿಪೇರಿಯವರೂ ಹತ್ತಿರದಲ್ಲೇ ಸಿಗುತ್ತಾರೆಯೇ ಎಂದು ವಿಚಾರಿಸದೆ ಮುಂಗಡ ಕೊಡಬೇಡಿ.