ಜಪಾನಿನ ಬೆಟ್ಟದೂರಲ್ಲಿ ಸಸ್ಯಾಹಾರ ಸಿಗುತ್ತಾ?

ಪ್ರಶ್ನೆ: ಅಮ್ಮನ ಜೊತೆ ಜಪಾನಿಗೆ ಹೊರಟಿದ್ದೇನೆ. ಟೋಕಿಯೊ ಬಿಟ್ಟು ಬೆಟ್ಟದ ಕಡೆ ಹೋಗುವ ಆಸೆ. ಅಮ್ಮ ಮೀನು, ಮೊಟ್ಟೆ ಮುಟ್ಟುವುದಿಲ್ಲ. ಏನು ಮಾಡಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಸುಮ್ನೆ ಯೋಚನೆ ಮಾಡಬೇಡಿ, ಬೌದ್ಧ ದೇವಾಲಯಗಳ ಬೆಟ್ಟದೂರು ಕೋಯಾಸಾನ್‌ಗೆ ಕರೆದುಕೊಂಡು ಹೋಗಿ. ಒಸಾಕಾದ ನಂಬಾದಿಂದ ರೈಲು ಹತ್ತಿದರೆ ಆಯ್ತು, ಕೊನೆಗೆ ಕೇಬಲ್ ಕಾರ್ ನಿಮ್ಮನ್ನು ಸುಮಾರು 800 ಮೀಟರ್ ಎತ್ತರದ ಊರಿಗೆ ಹತ್ತಿಸುತ್ತದೆ. ಅಲ್ಲಿ 50ಕ್ಕೂ ಹೆಚ್ಚು ಬೌದ್ಧ ದೇವಾಲಯಗಳಲ್ಲಿ ಉಳಿಯಬಹುದು. ಊಟ ಶೋಜಿನ್ ರ್‍ಯೋರಿ: ಮೀನು, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ಎಳ್ಳು ಅರೆದು ಮಾಡಿದ ಮೆತ್ತನೆಯ ಗೋಮಾ ತೋಫು ಅಮ್ಮನಿಗೆ ಖಂಡಿತ ಹಿಡಿಸುತ್ತೆ. ಬೇರೆ ಊರುಗಳಲ್ಲಿ ಮಾತ್ರ ಹುಷಾರು, ತರಕಾರಿಯದ್ದು ಎಂದು ಕಾಣುವ ಮಿಸೋ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿಗೂ ಸಾಮಾನ್ಯವಾಗಿ ಒಣಮೀನು ಕುದಿಸಿದ ನೀರೇ ಹಾಕಿರುತ್ತಾರೆ. ಚಳಿಗಾಲದಲ್ಲಿ ಹಿಮ ಬೀಳುತ್ತೆ, ಸ್ವೆಟರ್ ಜಾಸ್ತಿ ಇಟ್ಟುಕೊಳ್ಳಿ.